ಗಾಳಿಯಿಂದ ಶಾಲೆಗೆ ಬೆಳಕಿತ್ತ ಉಪಾಧ್ಯಾಯರು: ಪೌಲ್ ಲಾ ಕೂರ್

ನೀರಿನಲ್ಲಿ ಜಲಜನಕ, ಆಮ್ಲಜನಕಗಳೆಂಬ ಎರಡು ವಾಯುಗಳು ಕೂಡಿರುವುವೆಂಬುದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ವಿದ್ಯುತ್ಪ್ರವಾಹವನ್ನು ಹಾಯಿಸಿದರೆ 9 ಸೇರು ತೂಕದ ನೀರು 1 ಸೇರು ಜಲಜನಕವಾಗಿಯೂ 8 ಸೇರು ಆಮ್ಲಜನಕವಾಗಿಯೂ ಬೇರ್ಪಡುವುದು. ಜಲಜನಕವು ಉರಿಯುವಾಗ ಮಸಿಯಿಲ್ಲ. ಅದು ಮರಳಿ ನೀರೇ ಆಗುವುದು. ಇಂತಹ ನಿರ್ಮಲವಾದ ಇಂಧನವು ಬಡವರಿಗೂ ಎಟುಕುವ ಬೆಲೆಗೆ ದೊರೆಯುವುದು ಹೇಗೆ? ಈ ಪ್ರಶ್ನೆಯನ್ನು ಹಳ್ಳಿಯ ಶಾಲೆಯೊಂದರಲ್ಲಿ ಕೈಗೆತ್ತಿಕೊಂಡ ಮಹನೀಯರೊಬ್ಬರ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವೆವು.

ಪೌಲ್ ಲಾ ಕೂರ್‌ರವರು 1846ನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದ ಎಬೆಲ್ಟಾಫ್ಟ್ ಪಟ್ಟಣದ ಸಮೀಪದಲ್ಲಿ ಜನಿಸಿದರು. ವಾಯುಮಂಡಲ ಶಾಸ್ತ್ರವನ್ನು ಅಭ್ಯಾಸಮಾಡಿ, 1872ರಲ್ಲಿ ಸ್ಥಾಪಿತವಾದ ಆ ದೇಶದ ಹವಾಮಾನ ಸಂಸ್ಥೆಯಲ್ಲಿ ಉಪಾಧ್ಯಕ್ಷರಾದರು. ತಂತಿ ವರ್ತಮಾನದ ಯಂತ್ರಗಳಲ್ಲಿ ಹೊಸ ಕಲ್ಪನೆಗಳನ್ನು ಮಾಡಿ ಕೀರ್ತಿಯನ್ನು ಪಡೆದರು. ಆದರೂ 1878ರಲ್ಲಿ ರಾಜಧಾನಿಯನ್ನು ಬಿಟ್ಟು, ಆಸ್ಕೋವ್ ಎಂಬ ಹಳ್ಳಿಯಲ್ಲಿ ರೈತರ ಮಕ್ಕಳಿಗಾಗಿ ನಡೆಯುತ್ತಿದ್ದ ಜನತಾ ವಿದ್ಯಾಶಾಲೆಯಲ್ಲಿ ಗಣಿತ ಮತ್ತು ಪ್ರಕೃತಿ ವಿಜ್ಞಾನಗಳ ಉಪಾಧ್ಯಾಯರಾದರು.

ಆಗ ವಿದ್ಯುದ್ದೀಪಗಳು ಪಟ್ಟಣಗಳ ಪಾಲಿಗೆ ಮಾತ್ರ ಬರುತ್ತಿದ್ದುವು. ಡೆನ್ಮಾರ್ಕಿನಲ್ಲಿ ದೊಡ್ಡ ಜಲಪಾತಗಳಿಲ್ಲ, ಆದರೆ ಗಾಳಿಯು ಯಥೇಚ್ಛವಾಗಿ ಬೀಸುವುದು. ಸರ್ಕಾರದ ಧನಸಹಾಯದಿಂದ ಲಾ ಕೂರ್‌ರವರು 1891ರಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರವನ್ನು ನಿಲ್ಲಿಸಿದರು. ಗಾಳಿಯು ಒಮ್ಮೆ ರಭಸವಾಗಿಯೂ ಒಮ್ಮೆ ಮಂದವಾಗಿಯೂ ಬೀಸುವುದಷ್ಟೆ. ಆ ಏರುಪೇರನ್ನು ಸಮಮಾಡುವುದಕ್ಕೆ ಒಂದು ಸಾಧನವನ್ನು ರಚಿಸಿದರು. ಗಾಳಿಯಿಲ್ಲದ ದಿನಕ್ಕಾಗಿ ಶಕ್ತಿಯನ್ನು ಕೂಡಿಡುವುದಕ್ಕೆ ನೀರನ್ನು ವಿಭಜಿಸಿ, ಜಲಜನಕವನ್ನು 12 ಘನ ಮೀಟರ್ ಹಿಡಿಸುವ ತೊಟ್ಟಿಯಲ್ಲಿ ತುಂಬಿದರು. ಕಣಜದಲ್ಲಿ ರಾಗಿಯನ್ನು ಕೂಡಿಡುವ ನಮ್ಮ ಬೈರಾಪಟ್ಟಣದ ಸೀಮೆಯ ಒಕ್ಕಲುಮಕ್ಕಳಿಗೆ ಈ ಯುಕ್ತಿಯು ಸುಲಭವಾಗಿ ಅರ್ಥವಾಗುವುದು.

1895ರಿಂದ 1902ರವರೆಗೆ ಆಸ್ಕೋವ್ ಶಾಲೆಯು ಜಲಜನಕದ ದೀಪಗಳಿಂದ ಬೆಳಗಿತು. ಒಂದು ದಿನವಾದರೂ ಬೆಳಕು ತಪ್ಪಲಿಲ್ಲವೆಂದು ಪ್ರಸಿದ್ಧಿಯಿದೆ. ಅಪಾಯಗಳೂ ಇಲ್ಲದಿರಲಿಲ್ಲ, ಜಲಜನಕದೊಡನೆ ಆಮ್ಲಜನಕವು ಸೇರಿ ಸಿಡಿದಾಗ ಕಿಟಕಿಯ ಗಾಜುಗಳು ಒಡೆದುವು. ಕಡೆಗೆ 1902ರಲ್ಲಿ ಅವರು ಜಲಜನಕವನ್ನು ಬಿಟ್ಟು ವಿದ್ಯುತ್ಕೋಶಗಳನ್ನು ಅವಲಂಬಿಸಿ ಊರಿಗೇ ಬೆಳಕನ್ನಿತ್ತರು. ಅದೇ ವರ್ಷದಲ್ಲಿ ನಮ್ಮ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ತು ಹರಿಯಿತು.

ತಮ್ಮ ವಿದ್ಯೆಯು ಊರೂರಿಗೂ ಹರಡಲೆಂದು ಲಾ ಕೂರ್‌ರವರು 1903ರಲ್ಲಿ ಗಾಳಿವಿದ್ಯುತ್ತಿನ ಸಂಘವೊಂದನ್ನು ಸ್ಥಾಪಿಸಿ, ಹಳ್ಳಿಯ ತರುಣರಿಗೆ ವಿದ್ಯುತ್ಕರ್ಮವನ್ನು ಕಲಿಸಿದರು. 1908ರಲ್ಲಿ ದಿವಂಗತರಾದರು.

ಅವರು ಬಿಟ್ಟುಹೋದ ಲೆಕ್ಕವು ಇನ್ನೂ ಮುಗಿದಿಲ್ಲ. ಒಂದು ಕಿಲೋಗ್ರಾಂ ಜಲಜನಕಕ್ಕೆ ಇಂದಿನ ಯಂತ್ರಗಳಲ್ಲಿಯೂ ಸುಮಾರು 50 ಯೂನಿಟ್ಟಿಗೂ ಮೇಲ್ಪಟ್ಟು ವಿದ್ಯುತ್ತು ಬೇಕು. ಯೂನಿಟ್ಟಿಗೆ 5 ರೂಪಾಯಿಯಾದರೆ ವಿದ್ಯುತ್ತೊಂದಕ್ಕೇ 250 ರೂಪಾಯಿ. 2 ರೂಪಾಯಿಯಾದರೆ 100 ರೂಪಾಯಿ. ಪ್ಲಾಟಿನಂ, ಇರಿಡಿಯಂ ಮುಂತಾದ ದುಬಾರಿ ಲೋಹಗಳಿಗೆ ಬದಲಾಗಿ ನಿಕ್ಕಲನ್ನು ಬಳಸಿದರೆ ಯಂತ್ರದ ಬೆಲೆಯೂ ಇಳಿಯುವುದು. ಆದುದರಿಂದ ಅಗ್ಗದ ವಿದ್ಯುತ್ತು, ಅಗ್ಗದ ಯಂತ್ರ, ಬಿಡುವಿಲ್ಲದ ಕೆಲಸ, ಈ ಮೂರೂ ಕೂಡಿದಲ್ಲಿ ಮಾತ್ರ ಜಲಜನಕವು ಅಗ್ಗವಾಗುವುದು. ಭಾರತ ಸರ್ಕಾರವು 2023ರಲ್ಲಿ ಆರಂಭಿಸಿದ ಯೋಜನೆಯು, 2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ನು ಜಲಜನಕವನ್ನು ಹೀಗೆ ತಯಾರಿಸುವ ಗುರಿಯನ್ನಿಟ್ಟಿದೆ.

ಚಿತ್ರದುರ್ಗದ ಬೆಟ್ಟಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಪಾವಗಡದ ಬಯಲಿನಲ್ಲಿ ಬಿಸಿಲಿನಿಂದ ವಿದ್ಯುತ್ತು ಹುಟ್ಟುತ್ತಿದೆ. ಸಾಮಗ್ರಿಯು ನಮ್ಮ ನಾಡಿನಲ್ಲಿಯೇ ಇದೆ. ಗಣಿತವನ್ನೂ ರಸಾಯನಶಾಸ್ತ್ರವನ್ನೂ ಶ್ರದ್ಧೆಯಿಂದ ಕಲಿತ ನಮ್ಮ ಬಾಲಿಕೆಯರಲ್ಲಿ ಯಾರಾದರೊಬ್ಬರು ಆ ಹಳ್ಳಿಯ ಉಪಾಧ್ಯಾಯರ ಲೆಕ್ಕವನ್ನು ಪೂರ್ಣಗೊಳಿಸಲೆಂದು ಹಾರೈಸುವೆವು.