ಮಲೆಯೂರಿನ ಬೆಟ್ಟದಿಂದ ಮಲಕ್ಕಾ ಬಂದರಿಗೆ: ಕರ್ನಲ್ ಮೆಕೆಂಜಿಯ ಕಥೆ

ಹೋದ ಸೆಮಿಸ್ಟರಿನಲ್ಲಿ ನಮ್ಮ ಸೀನಿಯರ್ ಒಬ್ಬರು ಮಲೇಷ್ಯಾಗೆ ಟ್ರಿಪ್ ಹೋಗಿ ಮಲಕ್ಕಾ ಊರಿನ ಫೋಟೋಗಳನ್ನ ನಮ್ಮ ಗ್ರೂಪಿಗೆ ಹಾಕಿದ್ರು. ಡಚ್ಚರು ಕಟ್ಟಿದ ಕೆಂಪು ಕಟ್ಟಡ, ಊರಿನ ನಡುವೆ ಹರಿಯೋ ನದಿ, ಚೀನಾದಿಂದ ಬಂದು ನೆಲೆಸಿದವರ ಹಳೇ ದೇವಸ್ಥಾನ, ಸಣ್ಣ ಬೀದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಹಾಸ್ಟೆಲ್ಲಿನಲ್ಲಿ ಎಲ್ಲರದ್ದೂ ಒಂದೇ ಮಾತು: ಚಾಮರಾಜನಗರದಲ್ಲಿ ಏನಿದೆ ಗುರು? ಮುಖ್ಯಮಂತ್ರಿ ಬಂದ್ರೆ ಕುರ್ಚಿ ಹೋಗುತ್ತೆ ಅನ್ನೋ ಒಂದು ಮೂಢನಂಬಿಕೆ ಬಿಟ್ರೆ ನಮ್ಮೂರಿನ ಬಗ್ಗೆ ಹೊರಗಿನವರಿಗೆ ಏನೂ ಗೊತ್ತಿಲ್ಲ. ಗುಂಡ್ಲುಪೇಟೆ ಅಂದ್ರೆ ಊಟಿಗೆ ಹೋಗೋವಾಗ ಚೆಂಡುಹೂವಿನ ಹೊಲದಲ್ಲಿ ಸೆಲ್ಫಿ ತೆಗೆಯೋ ಜಾಗ, ಅಷ್ಟೇ.

ಆ ಮಾತು ನಮಗೆ ಸ್ವಲ್ಪ ಚುಚ್ಚಿತು. ಹಾಗಾಗಿ ಹುಡುಕಿದೆವು. ಹುಡುಕಿದಾಗ ಒಬ್ಬ ಮನುಷ್ಯ ಸಿಕ್ಕ. ನಮ್ಮ ತಾಲ್ಲೂಕಿನ ಮಲೆಯೂರಿನ ಬೆಟ್ಟಕ್ಕೂ ಬಂದವನು, ಮಲಕ್ಕಾದಲ್ಲಿ ಸೇರಿದ ದಂಡಿನ ಜೊತೆ ಜಾವಾಕ್ಕೂ ಹೋದವನು. ಅದೂ ಯಾರು? ಒಬ್ಬ ಎಂಜಿನಿಯರ್! ಹೆಸರು ಕಾಲಿನ್ ಮೆಕೆಂಜಿ.

ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ಅನ್ನೋ ದ್ವೀಪದ ಸ್ಟಾರ್ನೋವೇ ಊರಿನಲ್ಲಿ. ಅದೂ ಒಂದು ಸಣ್ಣ ಬಂದರು. ಅಲ್ಲಿ ಅವನು ಸುಂಕದ ಕಚೇರಿಯಲ್ಲಿ ಕೆಲಸ ಮಾಡ್ತಿದ್ದ. ಅವನು ಭಾರತದ ಕಡೆ ತಿರುಗಿದ್ದಕ್ಕೆ ನಮಗೆಲ್ಲ ಪರಿಚಯ ಇರೋ ಒಂದು ವಿಷಯವೂ ಕಾರಣ, ಲಾಗರಿದಮ್! ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ ವಂಶದ ಫ್ರಾನ್ಸಿಸ್ ನೇಪಿಯರ್ ಅನ್ನುವವರು ಆ ಪೂರ್ವಜನ ಜೀವನಚರಿತ್ರೆ ಬರೆಯೋಕೆ ಹೊರಟಿದ್ರು. ಅದಕ್ಕೆ ಹಿಂದೂಗಳ ಗಣಿತದ ಬಗ್ಗೆ ಮಾಹಿತಿ ಬೇಕಿತ್ತು, ಅದನ್ನ ಕೂಡಿಸೋ ಕೆಲಸಕ್ಕೆ ಮೆಕೆಂಜಿ ನೆರವಾದ. ಮುಂದೆ 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ ಮದರಾಸಿಗೆ ಬಂದಿಳಿದ. ಆಗ ಅವನಿಗೆ ವಯಸ್ಸು 29. ನಮ್ಮ ಪ್ಲೇಸ್‌ಮೆಂಟ್ ಲೆಕ್ಕದಲ್ಲಿ ನೋಡಿದ್ರೆ ಲೇಟೇ. ಒಮ್ಮೆ ಬಂದವನು ಮತ್ತೆ ತನ್ನ ದ್ವೀಪಕ್ಕೆ ಹಿಂದಿರುಗಲೇ ಇಲ್ಲ.

ಮೊದಲು ಕಾಲಾಳು ಪಡೆ, ಆಮೇಲೆ ಎಂಜಿನಿಯರ್ ವಿಭಾಗ. ಟಿಪ್ಪು ವಿರುದ್ಧದ ಮೂರನೇ ಮತ್ತು ನಾಲ್ಕನೇ ಮೈಸೂರು ಯುದ್ಧ ಎರಡರಲ್ಲೂ ಅವನು ಕಂಪನಿ ಕಡೆ ಕೆಲಸ ಮಾಡಿದ. ಇದನ್ನ ಮುಚ್ಚಿಡೋದು ಬೇಡ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ಮೈಸೂರು ಮತ್ತೆ ಒಡೆಯರ ಕೈಗೆ ಬಂತು. ಆಗ ಕಂಪನಿಗೆ ಈ ನಾಡಿನ ಗಡಿ ಎಲ್ಲಿಂದ ಎಲ್ಲಿಗೆ, ಯಾವ ದಾರಿ ಎಲ್ಲಿ ಹೋಗುತ್ತೆ, ಎಷ್ಟು ಕೆರೆ, ಎಷ್ಟು ಊರು ಅನ್ನೋದು ಗೊತ್ತಾಗಬೇಕಿತ್ತು. ಮೈಸೂರು ಸರ್ವೆಯ ಜವಾಬ್ದಾರಿ ಮೆಕೆಂಜಿಗೆ ಬಂತು. ಹತ್ತು ವರ್ಷದ ಕೆಲಸ ಅದು.

ಸಿವಿಲ್ ಬ್ರಾಂಚಿನ ಗೆಳೆಯರಿಗೆ ಇದು ಬೇಗ ಅರ್ಥ ಆಗುತ್ತೆ. ಬೇಸ್‌ಲೈನ್ ಅಳೆಯೋದು, ಬೆಟ್ಟದ ತುದಿಗಳಿಂದ ಥಿಯೋಡಲೈಟ್ ಇಟ್ಟು ಕೋನ ತೆಗೆಯೋದು, ತ್ರಿಕೋನಗಳ ಜಾಲ ಹೆಣೆಯೋದು, ಒಳಗಿನ ವಿವರವನ್ನ ಪ್ಲೇನ್ ಟೇಬಲ್‌ನಲ್ಲಿ ತುಂಬಿಸೋದು. ಜಿಪಿಎಸ್ ಇಲ್ಲ, ಟೋಟಲ್ ಸ್ಟೇಷನ್ ಇಲ್ಲ, ರಸ್ತೆಯೂ ಇಲ್ಲ. ಕಾಡಿನ ಜ್ವರಕ್ಕೆ ತಂಡದವರು ಮತ್ತೆ ಮತ್ತೆ ಮಲಗ್ತಿದ್ರು. ಮೇಲಿನವರು ದುಡ್ಡು ಕಡಿಮೆ ಮಾಡಿದ್ರು. ಆದ್ರೂ ಸುಮಾರು 40,000 ಚದರ ಮೈಲಿ ನೆಲ ನಕ್ಷೆಗೆ ಇಳೀತು. ಆಗ ನಮ್ಮ ಊರಿಗೆ ಚಾಮರಾಜನಗರ ಅನ್ನೋ ಹೆಸರೇ ಇರಲಿಲ್ಲ, ಅರಿಕುಠಾರ ಅಂತಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನ ಊರಿಗೆ ಇಟ್ಟಿದ್ದು 1818ರಲ್ಲಿ.

ಇಷ್ಟೇ ಆಗಿದ್ರೆ ಮೆಕೆಂಜಿ ಒಬ್ಬ ಒಳ್ಳೇ ಸರ್ವೇಯರ್ ಆಗಿ ಮರೆತು ಹೋಗ್ತಿದ್ದ. ಆದ್ರೆ ಅವನು ನೆಲದ ಜೊತೆ ನೆನಪನ್ನೂ ಅಳೆಯೋಕೆ ಹೊರಟ. ಪ್ರತಿ ಊರಿನಲ್ಲೂ ಇದನ್ನ ಕಟ್ಟಿದ್ದು ಯಾರು, ಯಾವ ಪಾಳೆಯಗಾರ ಆಳಿದ, ಈ ಕಲ್ಲಿನ ಮೇಲೆ ಏನು ಬರೆದಿದೆ, ದೇವಸ್ಥಾನದ ಕಥೆ ಏನು ಅಂತ ಕೇಳಿಸಿ ಬರೆಸಿಕೊಂಡ. ಕನ್ನಡದಲ್ಲಿ ಇವಕ್ಕೆ ಕೈಫಿಯತ್ತು ಅಂತಾರೆ. ಇವನ್ನ ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿದ್ದಾರೆ.

ಇಲ್ಲೊಂದು ತಮಾಷೆ ಇದೆ. ಮೆಕೆಂಜಿಗೆ ನಮ್ಮ ಯಾವ ಭಾಷೆಯೂ ಬರ್ತಿರಲಿಲ್ಲ. ಅದನ್ನ ಅವನೇ ಒಪ್ಪಿಕೊಂಡಿದ್ದ. ಹಾಗಾದ್ರೆ ಕೇಳಿದ್ದು ಯಾರು, ಓದಿದ್ದು ಯಾರು? ನಮ್ಮವರೇ. ಏಲೂರಿನ ಕಡೆಯ ಕಾವಲಿ ವೆಂಕಟ ಬೋರಯ್ಯ ಅನ್ನೋ ಯುವಕ 1796ರ ಹೊತ್ತಿಗೆ ಅವನ ಜೊತೆ ಸೇರಿದ. ಹಳಗನ್ನಡ ಲಿಪಿಯ ಶಾಸನಗಳನ್ನ ಬಿಡಿಸಿ ಓದಿದ ಹೆಸರು ಅವನದ್ದು. 1803ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಆಮೇಲೆ ತಮ್ಮ ಲಕ್ಷ್ಮಯ್ಯ ಆ ಕೆಲಸ ಹೊತ್ತುಕೊಂಡ.

ಮೂರನೆಯವರು ಧರ್ಮಯ್ಯ. ಅವರು ನಮ್ಮ ಮಲೆಯೂರಿನ ಜೈನ ಪಂಡಿತರು! ಮಲೆಯೂರಿನ ಕನಕಗಿರಿ ಹಳೇ ಜೈನ ಕ್ಷೇತ್ರ. ಇದೇ ಕನಕಗಿರಿಯ ದೇವಚಂದ್ರ ಅನ್ನೋ ಇನ್ನೊಬ್ಬ ಪಂಡಿತರು 1804ರಲ್ಲಿ ಮೆಕೆಂಜಿ ಇಲ್ಲಿಗೆ ಬಂದಾಗ ಸಿಕ್ಕರು, ಸ್ಥಳದ ಚರಿತ್ರೆ ಬರೆದುಕೊಟ್ಟರು. ಮುಂದೆ ಅವರು ಬರೆದ ರಾಜಾವಳಿ ಕಥೆ ಕನ್ನಡದ ದೊಡ್ಡ ಪುಸ್ತಕಗಳಲ್ಲಿ ಒಂದು. ನಾವು ನಾಲ್ಕು ಜನ ಒಂದು ಭಾನುವಾರ ಬಸ್ಸು ಹತ್ತಿ ಮಲೆಯೂರಿಗೆ ಹೋಗಿ ಬೆಟ್ಟ ಹತ್ತಿದೆವು. ಮೇಲೆ ಬಸದಿ, ಸುತ್ತ ಬಯಲು, ಒಳ್ಳೇ ಗಾಳಿ. ಅಲ್ಲಿ ಶಾಸನದ ಕಲ್ಲು ಇತ್ತು. ನಾಲ್ಕೂ ಜನ ಕನ್ನಡದವರೇ, ಒಬ್ಬರಿಗೂ ಒಂದು ಅಕ್ಷರ ಓದೋಕೆ ಆಗಲಿಲ್ಲ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ನಾವೂ ಮೆಕೆಂಜಿಯ ಸ್ಥಿತಿಯಲ್ಲೇ ನಿಂತಿದ್ದೆವು. ವ್ಯತ್ಯಾಸ ಅಂದ್ರೆ ಅವನ ಪಕ್ಕದಲ್ಲಿ ಧರ್ಮಯ್ಯ ಇದ್ದರು.

ಮೈಸೂರು ಸರ್ವೆ ಮುಗಿದ ಮೇಲೆ 1810ರಲ್ಲಿ ಮೆಕೆಂಜಿ ಮದರಾಸಿನ ಸರ್ವೇಯರ್ ಜನರಲ್ ಆದ. ಕುರ್ಚಿ ಬೆಚ್ಚಗಾಗೋ ಮೊದಲೇ ಇನ್ನೊಂದು ಆಜ್ಞೆ ಬಂತು. ನೆಪೋಲಿಯನ್ ಹಾಲೆಂಡನ್ನ ನುಂಗಿದ್ದರಿಂದ ಡಚ್ಚರ ಜಾವಾ ದ್ವೀಪ ಫ್ರೆಂಚರ ಕೈಗೆ ಹೋಗಿತ್ತು. ಅದನ್ನ ಹಿಡಿಯೋಕೆ ಭಾರತದಿಂದ ಸುಮಾರು 12,000 ಜನರ ದಂಡು ಹೊರಟಿತು. ಅದರಲ್ಲಿ ಅರ್ಧದಷ್ಟು ಭಾರತದ ಸಿಪಾಯಿಗಳೇ. ಆ ದಂಡಿನ ಎಂಜಿನಿಯರ್ ಮೆಕೆಂಜಿ. 1811ರ ಮಧ್ಯದಲ್ಲಿ ಹಡಗುಗಳೆಲ್ಲ ಒಟ್ಟು ಸೇರಿದ್ದು ಮಲಕ್ಕಾದಲ್ಲಿ, ನಮ್ಮ ಸೀನಿಯರ್ ಫೋಟೋ ಹಾಕಿದ ಅದೇ ಊರಿನಲ್ಲಿ.

ಆ ಹೊತ್ತಿಗೆ ಮಲಕ್ಕಾ ಎಷ್ಟು ಯಜಮಾನರನ್ನ ನೋಡಿತ್ತು ಅಂದ್ರೆ, 1511ರಲ್ಲಿ ಪೋರ್ಚುಗೀಸರು, 1641ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು. ಪೋರ್ಚುಗೀಸರು ಕಟ್ಟಿದ ಕೋಟೆಯನ್ನ ಇಂಗ್ಲಿಷರು 1807ರಲ್ಲಿ ಸಿಡಿಮದ್ದು ಇಟ್ಟು ಕೆಡವಿದ್ದರು, ಒಂದು ಬಾಗಿಲು ಮಾತ್ರ ಉಳಿಯಿತು. ಯಜಮಾನರು ಬದಲಾಗ್ತಾ ಇದ್ರೂ ಊರು ನಡೀತಿದ್ದದ್ದು ವ್ಯಾಪಾರಿಗಳಿಂದ. ಅವರಲ್ಲಿ ದೊಡ್ಡ ಗುಂಪು ಚೀನೀಯರು. ಹೆಚ್ಚಾಗಿ ಫುಜಿಯಾನ್ ಕಡೆಯವರು, ಮಾರುತದ ಗಾಳಿ ಹಿಡಿದು ಬಂದವರು. ಬಂದವರು ಅಲ್ಲೇ ನಿಂತರು, ಅಲ್ಲಿನ ಹೆಣ್ಣುಮಕ್ಕಳನ್ನ ಮದುವೆಯಾದರು. ಅವರ ಮಕ್ಕಳು ಮನೆಯಲ್ಲಿ ಮಲಯ್ ಮತ್ತು ಚೀನೀ ಬೆರೆಸಿ ಮಾತಾಡಿದರು, ಅಡುಗೆಯಲ್ಲಿ ತೆಂಗಿನ ಹಾಲು ಹಾಕಿದರು, ಪೂಜೆ ಮಾತ್ರ ತಾತನ ಊರಿನದ್ದನ್ನೇ ಇಟ್ಟುಕೊಂಡರು. ಇವರೇ ಬಾಬಾ ನ್ಯೋನ್ಯಾ ಜನ. ಅವರ ಚೆಂಗ್ ಹೂನ್ ತೆಂಗ್ ದೇವಸ್ಥಾನ ಆಗಲೇ ನೂರು ವರ್ಷಕ್ಕಿಂತ ಹಳೆಯದು. ಊರಿನ ಪಕ್ಕದ ಒಂದು ಗುಡ್ಡ ಪೂರ್ತಿ ಚೀನೀಯರ ಸಮಾಧಿಗಳು. ನಮಗೆ ಇನ್ನೂ ಖುಷಿಯಾದ ವಿಷಯ, ಅಲ್ಲಿ ಚಿಟ್ಟಿ ಅನ್ನೋ ಜನ ಇದ್ದಾರೆ. ತಮಿಳು ನಾಡಿನಿಂದ ಹೋದ ವ್ಯಾಪಾರಿಗಳ ಮಕ್ಕಳು. ಮಾತು ಮಲಯ್, ದೇವರು ವಿನಾಯಕ. ಅವರ ವಿನಾಯಕನ ಗುಡಿ 1781ರದ್ದು, ಮೆಕೆಂಜಿಯ ದಂಡು ಬರೋ ಹೊತ್ತಿಗೆ 30 ವರ್ಷ ಆಗಿತ್ತು.

ಊರು ಅಂದ್ರೆ ಬರೀ ಆಳಿದವರದ್ದಲ್ಲ, ಬಂದು ಬದುಕಿದವರದ್ದು. ಮೈಸೂರು ಸೀಮೆಯ ಊರೂರಿನಲ್ಲಿ ಹತ್ತು ವರ್ಷ ಕಥೆ ಕೇಳಿಸಿಕೊಂಡವನಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1811ರ ಆಗಸ್ಟ್ 4ರಂದು ದಂಡು ಜಾವಾದಲ್ಲಿ ಇಳಿಯಿತು. ಬಟಾವಿಯಾ, ಅಂದ್ರೆ ಇವತ್ತಿನ ಜಕಾರ್ತ, ಕೆಲವೇ ದಿನದಲ್ಲಿ ಕೈಗೆ ಬಂತು. ಅದೂ ಚೀನೀಯರ ಬೆವರಿನಿಂದ ಬೆಳೆದ ಬಂದರು. ಸುತ್ತಲಿನ ಸಕ್ಕರೆ ಆಲೆಗಳನ್ನ ನಡೆಸಿದ್ದು ಅವರು, ಅಂಗಡಿ ಇಟ್ಟಿದ್ದು ಅವರು. ಅದೇ ಊರಿನಲ್ಲಿ 1740ರಲ್ಲಿ ಸಾವಿರಾರು ಚೀನೀಯರನ್ನ ಕೊಂದಿದ್ದರು. ಮೆಕೆಂಜಿ ಜಾವಾದಲ್ಲಿ ಸುಮಾರು ಎರಡು ವರ್ಷ ಇದ್ದ. ಜಮೀನಿನ ವಿಚಾರಣೆಯ ಸಮಿತಿ ನಡೆಸಿದ, ನಕ್ಷೆಗಳನ್ನ ಕೂಡಿಸಿದ, 1812ರ ಮೊದಲಲ್ಲಿ ಪ್ರಂಬನಾನ್ ದೇವಾಲಯಗಳ ಅವಶೇಷ ನೋಡಿ ಬರೆದ. ನಮ್ಮ ಶಿವ, ವಿಷ್ಣು, ಬ್ರಹ್ಮ ಅಲ್ಲಿ ಕಾಡಿನ ಮಧ್ಯೆ ಬಿದ್ದಿದ್ದರು. ಕರ್ನಾಟಕದ ಗುಡಿಗಳನ್ನ ನೋಡಿದ್ದ ಕಣ್ಣಿಗೆ ಗುರುತು ಸಿಕ್ಕಿರಲೇಬೇಕು. ಅದೇ ವರ್ಷ ನವೆಂಬರಿನಲ್ಲಿ, 58ನೇ ವಯಸ್ಸಿನಲ್ಲಿ, ಬಟಾವಿಯಾದಲ್ಲಿ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಅನ್ನೋ ಡಚ್ ಮನೆತನದ ಹುಡುಗಿಯನ್ನ ಮದುವೆಯಾದ.

ಆದ್ರೆ 1812ರ ಜೂನ್ ತಿಂಗಳನ್ನೂ ಹೇಳಲೇಬೇಕು. ಇಂಗ್ಲಿಷರು ಯೋಗ್ಯಕರ್ತದ ಅರಮನೆ ಮೇಲೆ ದಾಳಿ ಮಾಡಿ ಲೂಟಿ ಹೊಡೆದರು. ಅಲ್ಲಿನ ಹಸ್ತಪ್ರತಿಗಳನ್ನ ತೆಗೆದುಕೊಂಡವರಲ್ಲಿ ಮೆಕೆಂಜಿಯೂ ಒಬ್ಬ. ಮಲೆಯೂರಿನಲ್ಲಿ ಕೇಳಿ ಬರೆಸಿಕೊಂಡವನೇ ಅಲ್ಲಿ ಕಿತ್ತುಕೊಂಡವರ ಜೊತೆ ನಿಂತ. 2019ರಲ್ಲಿ ಬ್ರಿಟಿಷ್ ಲೈಬ್ರರಿ ಆ ಅರಮನೆಯ 75 ಹಸ್ತಪ್ರತಿಗಳ ಡಿಜಿಟಲ್ ಪ್ರತಿಯನ್ನ ಸುಲ್ತಾನರಿಗೆ ಕೊಟ್ಟಿತು. ಪ್ರತಿ ಮಾತ್ರ, ಮೂಲ ಅಲ್ಲ. ನಮಗೆ ಅವನನ್ನ ಪೂರ್ತಿ ಹೊಗಳೋಕೂ ಆಗ್ತಿಲ್ಲ, ಪೂರ್ತಿ ಬೈಯೋಕೂ ಆಗ್ತಿಲ್ಲ.

ವಾಪಸ್ ಬಂದ ಮೇಲೆ 1815ರಲ್ಲಿ ಅವನು ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1816ರಲ್ಲಿ ಥಾಮಸ್ ಹಿಕಿ ಅನ್ನೋ ಕಲಾವಿದ ಅವನ ಚಿತ್ರ ಬರೆದ. ಇಂಟರ್‌ನೆಟ್ಟಿನಲ್ಲಿ ಸಿಗುತ್ತೆ, ದಯವಿಟ್ಟು ನೋಡಿ. ಕೆಂಪು ಕೋಟಿನ ಮೆಕೆಂಜಿ ನಡುವೆ ನಿಂತಿದ್ದಾನೆ. ಹಿಂದೆ ದೂರದಲ್ಲಿ ಗೊಮ್ಮಟ. ಜೊತೆಯಲ್ಲಿ ಮೂರು ಜನ ಭಾರತೀಯರು: ದುರ್ಬೀನು ಹಿಡಿದ ಕಿಸ್ಟ್ನಾಜಿ, ಕಾವಲಿ ಲಕ್ಷ್ಮಯ್ಯ, ಮತ್ತೆ ತಾಳೆಗರಿ ಹಿಡಿದ ನಮ್ಮ ಧರ್ಮಯ್ಯ. ಚಾಮರಾಜನಗರದಲ್ಲಿ ಏನಿದೆ ಅಂತ ಇನ್ಮೇಲೆ ಯಾರಾದ್ರೂ ಕೇಳಿದ್ರೆ ನಾವು ಆ ಚಿತ್ರ ತೋರಿಸ್ತೀವಿ.

1821ರ ಮೇ 8ರಂದು ಕಲ್ಕತ್ತದ ಹತ್ತಿರ ಮೆಕೆಂಜಿ ತೀರಿಕೊಂಡ. ಅವನು ಬಿಟ್ಟು ಹೋದದ್ದು 1,568 ಹಸ್ತಪ್ರತಿ, 8,076 ಶಾಸನಗಳ ಪ್ರತಿ, 2,630 ಚಿತ್ರ, 6,218 ನಾಣ್ಯ. ಸರ್ಕಾರ ಇದನ್ನ ಅವನ ಹೆಂಡತಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಒಂದಷ್ಟು ಲಂಡನ್ನಿಗೆ ಹೋಯಿತು, ಒಂದಷ್ಟು ಮದರಾಸಿನಲ್ಲಿ ಉಳಿಯಿತು. ಲಕ್ಷ್ಮಯ್ಯ ಈ ಕೆಲಸವನ್ನ ನಾನು ಮುಂದುವರಿಸ್ತೀನಿ ಅಂತ ಅರ್ಜಿ ಹಾಕಿದ. ಏಷ್ಯಾಟಿಕ್ ಸೊಸೈಟಿಯವರು ಒಬ್ಬ ಭಾರತೀಯನಿಂದ ಇದು ಆಗೋದಿಲ್ಲ ಅಂತ ತಳ್ಳಿಹಾಕಿದರು. ಇಪ್ಪತ್ತೈದು ವರ್ಷ ಆ ಕೆಲಸ ಮಾಡಿದವನೇ ಅವನು! ಇದನ್ನ ಓದಿದ ದಿನ ನಮ್ಮ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕೊನೆಗೆ ನಮ್ಮದೇ ಒಂದು ತಪ್ಪು. ಈ ಸೆಮಿಸ್ಟರ್ ಸರ್ವೆ ಪ್ರಾಕ್ಟೀಸಿಗೆ ಗುಂಡ್ಲುಪೇಟೆ ಕಡೆ ಒಂದು ಕೆರೆ ಹತ್ತಿರ ಹೋಗಿದ್ದೆವು. ಕುರಿ ಮೇಯಿಸ್ತಿದ್ದ ತಾತ ಒಬ್ಬರು ಬಂದು, ಆ ಏರಿಯ ಮೇಲಿನ ಕಲ್ಲು ಯಾರದ್ದು, ಕೆರೆಗೆ ಆ ಹೆಸರು ಯಾಕೆ ಬಂತು ಅಂತ ಕಥೆ ಹೇಳೋಕೆ ಶುರು ಮಾಡಿದ್ರು. ನಾವು ಹ್ಞೂಂ ಹ್ಞೂಂ ಅಂತ ರೀಡಿಂಗ್ ತೆಗೀತಾನೇ ಇದ್ದೆವು, ಲಂಚ್‌ಗೆ ಮೊದಲು ಮುಗಿಸಬೇಕಿತ್ತು. ಈಗ ಫೀಲ್ಡ್ ಬುಕ್ ತೆಗೆದ್ರೆ ಬ್ಯಾಕ್ ಸೈಟ್, ಫೋರ್ ಸೈಟ್, ರೆಡ್ಯೂಸ್ಡ್ ಲೆವೆಲ್ ಎಲ್ಲ ಸರಿಯಾಗಿದೆ. ಕಥೆ ಮಾತ್ರ ಅರ್ಧ ಮರೆತು ಹೋಗಿದೆ. ಆ ತಾತನ ಹೆಸರನ್ನೂ ಕೇಳಲಿಲ್ಲ. ಕನ್ನಡ ಬಾರದವನು ಇನ್ನೂರು ವರ್ಷದ ಹಿಂದೆ ಇಂಥ ಕಥೆಗಳನ್ನ ಬರೆಸಿಟ್ಟ. ಕನ್ನಡ ಬರೋ ನಾವು ಬಿಟ್ಟು ಬಂದೆವು.

ಹಾಗಾಗಿ ನಮ್ಮ ಸಂಘದಿಂದ ಒಂದು ಸಣ್ಣ ತೀರ್ಮಾನ ಮಾಡಿದ್ದೀವಿ. ಮುಂದಿನ ರಜೆಗೆ ಊರಿಗೆ ಹೋಗೋ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಕೆರೆ, ಒಂದು ಗುಡಿ ಅಥವಾ ಒಂದು ಕಲ್ಲಿನ ಕಥೆಯನ್ನ ಹಿರಿಯರ ಬಾಯಿಂದ ಕೇಳಿ ಕನ್ನಡದಲ್ಲಿ ಬರೆದು ತನ್ನಿ. ಹೇಳಿದವರ ಹೆಸರನ್ನ ಅವರ ಒಪ್ಪಿಗೆ ಕೇಳಿ ಮೊದಲ ಸಾಲಿನಲ್ಲೇ ಬರೆಯಿರಿ. ಒತ್ತಕ್ಷರ ತಪ್ಪಾದ್ರೆ ಪರವಾಗಿಲ್ಲ, ನಮ್ಮದೂ ತಪ್ಪುತ್ತೆ. ಮಲಕ್ಕಾಗೆ ಹೋಗೋ ದಿನ ಬಂದಾಗ ಖಂಡಿತ ಹೋಗೋಣ. ಅದಕ್ಕೆ ಮೊದಲು ಮಲೆಯೂರಿಗೆ ಒಂದು ಬಸ್ ಹತ್ತೋಣ.