ಪಂಡಿತಾ ರಮಾಬಾಯಿ

ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಪ್ರಯಾಣ ಮಾಡುವ ನಮ್ಮವರು ದೌಂಡ್ ದಾಟಿದ ತರುವಾಯ ಕೇಡಗಾಂವ್ ಎಂಬ ಚಿಕ್ಕ ನಿಲ್ದಾಣವನ್ನು ಕಂಡಿರುತ್ತಾರೆ. ಅಲ್ಲಿ ಇಳಿದು ನೋಡುವವರು ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಬಯಲಿನಲ್ಲಿ, ಲೋಕವು ಕೈಬಿಟ್ಟ ವಿಧವೆಯರೂ ಅನಾಥ ಬಾಲಕಿಯರೂ ಅಂಧ ಸ್ತ್ರೀಯರೂ ಒಂದೊಂದು ಕಸಬನ್ನು ಕಲಿತು, ದುಡಿದು ಉಣ್ಣುವ ವ್ಯವಸ್ಥೆಯೊಂದು ರೂಪುಗೊಂಡಿತು. ಅದನ್ನು ಕಟ್ಟಿದ ಮಹಿಳೆ ಹುಟ್ಟಿದ್ದು ಕನ್ನಡ ನಾಡಿನ ಮಲೆಗಳಲ್ಲಿ. ಸಂಘದ ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ಆ ಸಾಧ್ವಿಯ ಚರಿತ್ರೆಯನ್ನು ನಾವು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯಾಶ್ರಮದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದ ಕಡೆಯವರು, ಸಂಸ್ಕೃತದಲ್ಲಿ ಘನ ವಿದ್ವಾಂಸರು. ಮನೆಮಾತು ಮರಾಠಿಯಾದರೂ ಕನ್ನಡ ಈ ಮನೆತನಕ್ಕೆ ನೆರೆಯ ಮಾತಾಗಿತ್ತು. ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸತೊಡಗಿದಾಗ ಬಂಧುಗಳಲ್ಲಿ ಕೋಲಾಹಲವೆದ್ದಿತು. ಉಡುಪಿಯ ವಿದ್ವತ್ಸಭೆಯ ಮುಂದೆ ನಿಂತು ಅವರು ಸ್ತ್ರೀವಿದ್ಯೆಯನ್ನು ಶಾಸ್ತ್ರಾಧಾರಗಳಿಂದಲೇ ಸಮರ್ಥಿಸಿಕೊಂಡರು. ತಾಯಿ ಕಲಿತದ್ದು ಮಗಳಿಗೆ ಬಂದಿತು. ಎಳೆಯ ವಯಸ್ಸಿನಲ್ಲಿಯೇ ರಮಾಬಾಯಿಯವರಿಗೆ ಭಾಗವತವು ಕಂಠಗತವಾಯಿತು.

ಆ ಕುಟುಂಬವು ವರ್ಷಾನುಗಟ್ಟಲೆ ತೀರ್ಥದಿಂದ ತೀರ್ಥಕ್ಕೆ ಸಂಚರಿಸಿ, ಪುರಾಣ ಹೇಳಿ ಜೀವಿಸಿತು. 1870ರ ದಶಕದ ಕ್ಷಾಮದಲ್ಲಿ ಕೈಯಲ್ಲಿದ್ದುದೆಲ್ಲ ಕರಗಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಕಣ್ಮುಚ್ಚಿದರು. ಸಹಸ್ರಾರು ಶ್ಲೋಕಗಳನ್ನು ಬಲ್ಲ ಆ ಮನೆಯವರಿಗೆ ಹೊಟ್ಟೆ ಹೊರೆಯುವ ಕಸಬೊಂದೂ ಬರುತ್ತಿರಲಿಲ್ಲ. ಕೂಲಿಗೆ ಹೋಗಲು ಕುಲಾಭಿಮಾನ ಬಿಡಲಿಲ್ಲ. ಈ ಸಂಗತಿಯನ್ನು ರಮಾಬಾಯಿಯವರು ಮುಂದೆ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರ ಮುಂದಿನ ಕಾರ್ಯದ ಬೀಜವನ್ನು ನಾವು ಇಲ್ಲಿಯೇ ಕಾಣಬೇಕು.

ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿ. ಇಬ್ಬರೂ ಸಾವಿರಾರು ಮೈಲು ನಡೆದು 1878ರಲ್ಲಿ ಕಲಕತ್ತೆ ಸೇರಿದರು. ಅಲ್ಲಿಯ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಅವರು ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರಲ್ಲಿ ಪತಿ ಕಾಲರಾಕ್ಕೆ ತುತ್ತಾದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ವೈಧವ್ಯ! ಕೈಗೂಸಿನೊಡನೆ ಪುಣೆಗೆ ಬಂದ ಅವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಸ್ತ್ರೀಯರನ್ನು ಅಧ್ಯಾಪಕಿಯರನ್ನಾಗಿ ತರಬೇತುಗೊಳಿಸಬೇಕು, ವೈದ್ಯಶಿಕ್ಷಣದ ಬಾಗಿಲನ್ನು ಅವರಿಗೆ ತೆರೆಯಬೇಕು ಎಂದು ವಾದಿಸಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿಯವರು ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. 1886ರಲ್ಲಿ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯಪದವಿ ಪಡೆದ ಸಮಾರಂಭಕ್ಕೆಂದು ಅಮೆರಿಕೆಗೆ ಹೋದವರು ಅಲ್ಲಿ ಶಿಶುಶಿಕ್ಷಣದ ಹೊಸ ಪದ್ಧತಿಯನ್ನು ಅಭ್ಯಾಸ ಮಾಡಿದರು. ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥ ಬರೆದು ಪ್ರಕಟಿಸಿ, ವಿಧವೆಯರ ಶಾಲೆಗಾಗಿ ಧನ ಸಂಗ್ರಹಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಪುಣೆಗೆ ಬಂದಿತು. ನ್ಯಾಯಮೂರ್ತಿ ರಾನಡೆಯವರಂಥ ಹಿರಿಯರು ಸಲಹೆಗಾರರಾಗಿ ನಿಂತರು. ಆದರೆ ಸದನದಲ್ಲಿ ಮತಾಂತರ ನಡೆಯುತ್ತಿದೆಯೆಂಬ ಆಕ್ಷೇಪಣೆಯೆದ್ದು, 1893ರಲ್ಲಿ ಸಲಹೆಗಾರರು ದೂರ ಸರಿದರು. ಪಾಲಕರು ಅನೇಕ ಬಾಲಕಿಯರನ್ನು ಕರೆದೊಯ್ದರು. ಮತಸಂಬಂಧವಿಲ್ಲದ ಶಾಲೆಯೆಂದು ನಂಬಿದ್ದವರ ನೋವು ಸುಳ್ಳಲ್ಲ. ವಿಧವೆಯರ ಕಲಿಕೆ ಅರ್ಧದಲ್ಲಿ ಮುರಿದ ನಷ್ಟವೂ ಸುಳ್ಳಲ್ಲ. ಎರಡನ್ನೂ ಒಪ್ಪಿಕೊಂಡೇ ನಾವು ಈ ಚರಿತ್ರೆಯನ್ನು ಓದಬೇಕಾಗಿದೆ. ಅದೇ ಸದನದಲ್ಲಿ ಕಲಿತ ವಿಧವೆ ಗೋದೂಬಾಯಿಯವರು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವರಿಸಿದರು. ಆ ಕರ್ವೆಯವರೇ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು.

1896–97ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಕಾಣಿಸಿತು. ತಮ್ಮ ಬಾಲ್ಯದ ಹಸಿವನ್ನು ಮರೆಯದಿದ್ದ ರಮಾಬಾಯಿಯವರು ತಾವೇ ಹೋಗಿ ನೂರಾರು ಅನಾಥ ಸ್ತ್ರೀಯರನ್ನು ಕರೆತಂದು ಕೇಡಗಾಂವಿನ ಹೊಲದಲ್ಲಿ ನೆಲೆಗೊಳಿಸಿದರು. ಅದಕ್ಕೆ ಮುಕ್ತಿ ಎಂದು ಹೆಸರಾಯಿತು. 1900ರ ಹೊತ್ತಿಗೆ ಅಲ್ಲಿಯ ನಿವಾಸಿಗಳ ಸಂಖ್ಯೆ 1,500ನ್ನು ಮುಟ್ಟಿತ್ತು. ಇಷ್ಟು ಜನರಿಗೆ ಅನ್ನವಿಕ್ಕುವುದಷ್ಟೇ ಅವರ ಉದ್ದೇಶವಾಗಿರಲಿಲ್ಲ. ಅಕ್ಷರದ ಜೊತೆಗೆ ಬೇಸಾಯ, ಹೈನು, ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಮುದ್ರಣ ಹೀಗೆ ಪ್ರತಿಯೊಬ್ಬಳಿಗೂ ಅವಳ ಶಕ್ತಿಗೆ ತಕ್ಕ ಕೆಲಸವನ್ನು ಕಲಿಸಿದರು. ಗಂಡಸರದೆಂದು ಎಣಿಸಲ್ಪಟ್ಟಿದ್ದ ಮುದ್ರಣಾಲಯದಲ್ಲಿ ಹೆಂಗಸರು ಅಚ್ಚುಮೊಳೆ ಜೋಡಿಸಿದರು. ರಮಾಬಾಯಿಯವರು ಮರಾಠಿಗೆ ಭಾಷಾಂತರಿಸಿದ ಬೈಬಲ್ ಅಚ್ಚಾದುದು ಆ ಕೈಗಳಿಂದಲೇ.

ಅಂಧರನ್ನೂ ಅವರು ಹೊರಗಿಡಲಿಲ್ಲ. ಮಗಳು ಮನೋರಮೆ ಬ್ರೈಲ್ ಲಿಪಿಯನ್ನು ಕಲಿತು ಬಂದು ಅಂಧ ಬಾಲಕಿಯರಿಗೆ ಕಲಿಸಿದರು. ಬೆರಳ ತುದಿಯಿಂದ ಓದಲು ಕಲಿತವರು ಬುಟ್ಟಿ ಹೆಣೆಯುವುದನ್ನೂ ಕಲಿತರು. ಕಣ್ಣಿಲ್ಲದವಳಿಗೆ ಬೇಡುವುದೊಂದೇ ಗತಿಯೆಂದು ಜನ ತಿಳಿದಿದ್ದ ಕಾಲವದು. ವೃದ್ಧೆಯರಿಗೂ ಅಶಕ್ತರಿಗೂ ಪ್ರತ್ಯೇಕ ಮನೆಗಳಾದುವು. 1912ರಲ್ಲಿ ತಾಯಿಮಗಳ ಪ್ರಯತ್ನದಿಂದ ನಮ್ಮ ಗುಲ್ಬರ್ಗದಲ್ಲಿಯೂ ಒಂದು ಶಾಲೆ ತೆರೆಯಿತು.

1919ರಲ್ಲಿ ಸರಕಾರವು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತಿತು. 1921ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಮನೋರಮೆ ತಾಯಿಗಿಂತ ಮೊದಲೇ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ರಮಾಬಾಯಿಯವರೂ ಇಹವನ್ನು ತ್ಯಜಿಸಿದರು. ಅವರು ಕಟ್ಟಿದ ಸಂಸ್ಥೆ ಉಳಿಯಿತು.

ಈಗ ಸಂವಿಧಾನದ 16ನೆಯ ವಿಧಿಯು ಸರಕಾರಿ ಉದ್ಯೋಗದಲ್ಲಿ ಸ್ತ್ರೀಪುರುಷ ಭೇದವನ್ನು ನಿಷೇಧಿಸಿದೆ. 2016ರ ಕಾಯಿದೆಯು ಅಂಗವಿಕಲರಿಗೆ ಸರಕಾರಿ ಹುದ್ದೆಗಳಲ್ಲಿ ಶೇಕಡಾ 4ಕ್ಕೆ ಕಡಿಮೆಯಿಲ್ಲದ ಮೀಸಲನ್ನು ಕೊಟ್ಟಿದೆ. ಆದರೆ ಹುದ್ದೆಯಿದ್ದರೆ ಸಾಲದು, ಅದಕ್ಕೆ ತಕ್ಕ ತರಬೇತಿಯೂ ಬೇಕು. ಆ ತರಬೇತಿಗೆ ಮಗುವನ್ನು ಕಳುಹಿಸುವ ಮನಸ್ಸು ಮನೆಯವರಿಗಿರಬೇಕು. ಗಡಿನಾಡಿನ ನಮ್ಮ ಮನೆಗಳಲ್ಲಿ ಗಂಡುಮಗನ ಓದಿಗೆ ಸಾಲ ಮಾಡುವವರು ಮಗಳ ಓದಿಗೆ ಹಿಂಜರಿಯುವುದುಂಟು. ಕಣ್ಣು ಕಾಣದ, ಕಾಲು ನಡೆಯದ ಮಗುವನ್ನು ಪ್ರೀತಿಯಿಂದಲೇ ಮೂಲೆಯಲ್ಲಿ ಕೂಡಿಸುವುದುಂಟು. ಮುಂದಿನ ಸಲ ಕೇಡಗಾಂವ್ ನಿಲ್ದಾಣವನ್ನು ದಾಟುವಾಗ ನಾವು ಆ ಮಕ್ಕಳನ್ನು ನೆನೆಯೋಣ. ಊರಿಗೆ ಮರಳಿದ ಮೇಲೆ ಅವರ ಕೈಗೆ ಒಂದು ವಿದ್ಯೆಯನ್ನು ಕೊಡಿಸೋಣ.