ಹತ್ತಕ್ಕೆ ಒಂದು

ಹಂಪಸಾಗರದಲ್ಲಿ ಬರಿಗಾಲಲ್ಲೇ ಚೆಂಡು ಒದ್ದು ಬೆಳೆದ ನಾವು ಈಗ ಹಾಸ್ಟೆಲ್‌ನಲ್ಲಿ ನಿದ್ದೆಗೆಟ್ಟು ಟರ್ಕಿಯ ಎರಡನೇ ದರ್ಜೆ ಲೀಗಿನ ಸ್ಕೋರೂ ನೋಡ್ತೀವಿ. ಬೆಂಗಳೂರಿನ ಅಹ್ಮದ್ ಖಾನ್ ಯಾರು ಅಂದ್ರೆ ಮಾತ್ರ ತಲೆ ಕೆರ್ಕೋತೀವಿ.

1926ರಲ್ಲಿ ಹುಟ್ಟಿದ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಆ ತಂಡದ ಹೆಚ್ಚಿನವರದ್ದು ಬರಿಗಾಲಾಟ. ಮರುವರ್ಷ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ಮುಂಚೂಣಿಯ ‘ಪಂಚಪಾಂಡವ’ರಲ್ಲಿ ಒಬ್ಬರಾದರು. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು.

1952, ಹೆಲ್ಸಿಂಕಿ ಒಲಿಂಪಿಕ್ಸ್: ಯುಗೊಸ್ಲಾವಿಯಾ 10, ಭಾರತ 1. ಆಮೇಲೆ ನಮ್ಮಲ್ಲಿ ಬೂಟು ಕಡ್ಡಾಯವಾಯ್ತು.

2017ರಲ್ಲಿ ಅವರು ಬೆಂಗಳೂರಲ್ಲೇ ತೀರಿಕೊಂಡರು. ಆ ಹತ್ತು ಗೋಲಿನ ಕಥೆ ಎಲ್ಲರೂ ಹೇಳ್ತಾರೆ. ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್ ಅಂತ ನಾವಾದ್ರೂ ಹೇಳೋಣ.